ಅಂಗಡಿ ಕೆಲಸದವರ ರಜೆ, ಊಟದ ಬಿಡುವು, ಹೆಚ್ಚುವರಿ ಗಂಟೆಯ ಸಂಬಳ: ಮಾಲೀಕರು ನಿಜವಾಗಿ ಏನು ಕೊಡಬೇಕು?

ಶಿವರಾಂಪೇಟೆ ಅಂಗಡಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಕುಟುಂಬದ ಸೀರೆ ಅಂಗಡಿ ಇದೆ. ಒಟ್ಟು ಹನ್ನೊಂದು ಜನ ಕೆಲಸ ಮಾಡುತ್ತಾರೆ, ಅವರಲ್ಲಿ ಏಳು ಮಂದಿ ಹೆಣ್ಣುಮಕ್ಕಳು. ಎಂಟು ವರ್ಷ ನಮ್ಮಲ್ಲಿ ದುಡಿದ ಒಬ್ಬರು ಗಂಡನಿಗೆ ಹಾಸನಕ್ಕೆ ವರ್ಗವಾಯಿತೆಂದು ಕೆಲಸ ಬಿಡುತ್ತಿದ್ದಾರೆ. ಹೋಗುವ ಮೊದಲು ಬಾಕಿ ರಜೆಯ ಸಂಬಳ ಮತ್ತು ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಹಣ) ಲೆಕ್ಕ ಮಾಡಿಕೊಡಿ ಎಂದು ಕೇಳಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು.

ನನ್ನ ಅಣ್ಣ ಇದಕ್ಕೆ ಒಪ್ಪುತ್ತಿಲ್ಲ. ಗ್ರಾಚ್ಯುಟಿ, ರಜೆ ಸಂಬಳ ಎಲ್ಲವೂ ಕಾರ್ಖಾನೆಗಳಿಗೆ, ನಮ್ಮಂಥ ಅಂಗಡಿಗಳಿಗೆ ಬರುವುದಿಲ್ಲ ಎನ್ನುತ್ತಾನೆ. ಹಬ್ಬಕ್ಕೆ ಸೀರೆ ಕೊಟ್ಟಿದ್ದೇವೆ, ಮಗಳ ನಾಮಕರಣಕ್ಕೆ ಹಣ ಕೊಟ್ಟಿದ್ದೇವೆ, ಮನೆಯವರ ಹಾಗೆ ನೋಡಿಕೊಂಡಿದ್ದೇವೆ ಎಂಬುದು ಅವನ ಮಾತು. ಅದು ಸುಳ್ಳಲ್ಲ. ಆದರೆ ಕೊಡುವುದು ಬೇರೆ, ಕೊಡಬೇಕಾದದ್ದು ಬೇರೆ ಎಂದು ನನಗೆ ಅನ್ನಿಸುತ್ತದೆ. ನನಗೆ ಬೇಕಾದದ್ದು ಕಾನೂನಿನ ನಿಖರ ಮಾತು. ಮದುವೆ ಕಾಲದಲ್ಲಿ ಅಂಗಡಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ ತೆರೆದಿರುತ್ತದೆ. ಊಟಕ್ಕೆ ಅರ್ಧ ಗಂಟೆ. ಇದು ಸರಿಯೇ? ತಿಳಿದವರು ಹೇಳಿ.

ಲೆಕ್ಕಪತ್ರ ಮೈಸೂರು:

ನಿಮ್ಮ ಅಣ್ಣನ ಮಾತು ತಪ್ಪು. ಅಂಗಡಿಗಳಿಗೆ ಪ್ರತ್ಯೇಕ ಕಾಯ್ದೆ 1961ರಿಂದಲೇ ಇದೆ: ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. ದಿನಕ್ಕೆ ಹೆಚ್ಚೆಂದರೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಸಂಬಳ. ಹೆಚ್ಚುವರಿಯೂ ಸೇರಿ ದಿನಕ್ಕೆ 10 ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಹೆಚ್ಚುವರಿ ಗಂಟೆಗಳು 50 ಮೀರುವಂತಿಲ್ಲ. ವಾರಕ್ಕೊಂದು ಪೂರ್ತಿ ದಿನ ರಜೆ, ಅದಕ್ಕೆ ಸಂಬಳ ಕಡಿತವಿಲ್ಲ. ಇಷ್ಟನ್ನು ಗೋಡೆಗೆ ಬರೆದು ಹಾಕಿದರೂ ಅರ್ಧ ಜಗಳ ಮುಗಿಯುತ್ತದೆ.

ಊಟಕ್ಕೆ ಅರ್ಧ ಗಂಟೆ ಸಾಕು, ಅದು ಸರಿಯಿದೆ.

ವಕೀಲೆ ಸರಸ್ವತೀಪುರಂ:

ಕೊನೆಯ ಸಾಲನ್ನು ತಿದ್ದಬೇಕು. ಅರ್ಧ ಗಂಟೆ ಎಂಬುದು ಕಾರ್ಖಾನೆಗಳ ನಿಯಮ. ಅಂಗಡಿಗಳ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವು ಕನಿಷ್ಠ ಒಂದು ಗಂಟೆ ಇರಬೇಕು. ಒಂಬತ್ತೂವರೆಗೆ ಬಂದವರಿಗೆ ಎರಡೂವರೆಯೊಳಗೆ ಬಿಡುವು ಸಿಗಲೇಬೇಕು. ಗಿರಾಕಿ ಕುಳಿತಿದ್ದಾರೆ, ಇನ್ನೆರಡು ಸೀರೆ ತೋರಿಸಿ ಹೋಗಿ ಎಂದು ಮೂರೂವರೆಗೆ ಕಳಿಸುವುದು ಕಾನೂನುಬಾಹಿರ.

ಇನ್ನೊಂದು ವಿಷಯ. ಬಿಡುವೂ ಸೇರಿ ಬೆಳಿಗ್ಗೆ ಬಂದದ್ದರಿಂದ ಸಂಜೆ ಹೋಗುವವರೆಗಿನ ಒಟ್ಟು ಅವಧಿ 12 ಗಂಟೆ ಮೀರಬಾರದು. ನಿಮ್ಮ ಒಂಬತ್ತೂವರೆ ಟು ಒಂಬತ್ತೂವರೆ ಲೆಕ್ಕ ಸರಿಯಾಗಿ 12 ಆಗುತ್ತದೆ, ಆದರೆ ಒಂದು ಗಂಟೆ ಬಿಡುವು ಕಳೆದರೂ ದುಡಿಮೆ 11 ಗಂಟೆ. ಹತ್ತರ ಮಿತಿ ದಾಟಿತು. ಹೆಚ್ಚುವರಿ ಸಂಬಳ ಕೊಟ್ಟರೂ ಅದು ಸರಿಯಾಗುವುದಿಲ್ಲ.

ಅಶೋಕ ರಸ್ತೆ ವ್ಯಾಪಾರಿ:

ಈ ಕಾನೂನು ಮಾಡಿದವರು ಒಂದು ಲಗ್ನದ ತಿಂಗಳು ನಮ್ಮ ಗಲ್ಲಾದ ಮುಂದೆ ಕುಳಿತುಕೊಳ್ಳಲಿ. ಗಿರಾಕಿ ಬರುವುದೇ ಸಂಜೆ ಆರರ ಮೇಲೆ. ಬಾಡಿಗೆ, ವಿದ್ಯುತ್, ಜಿಎಸ್‌ಟಿ, ಅದರ ಮೇಲೆ ಮೊಬೈಲ್‌ನಲ್ಲಿ ಸೀರೆ ಮಾರುವವರ ಪೈಪೋಟಿ. ಇಷ್ಟೆಲ್ಲ ಸಹಿಸಿಕೊಂಡು ಹನ್ನೊಂದು ಮನೆಗಳಿಗೆ ಅನ್ನ ಹಾಕುತ್ತಿರುವವರನ್ನು ಅಪರಾಧಿಗಳಂತೆ ನೋಡಬೇಡಿ.

ಎಲಿಯೂರು ಪ್ರಯಾಣಿಕಳು:

ಅನ್ನ ಹಾಕುತ್ತಿಲ್ಲ ಸರ್, ದುಡಿದದ್ದಕ್ಕೆ ಸಂಬಳ ಕೊಡುತ್ತಿದ್ದೀರಿ. ಎರಡಕ್ಕೂ ವ್ಯತ್ಯಾಸವಿದೆ.

ನಾನು ಮಂಡ್ಯ ಕಡೆಯಿಂದ ರೈಲಿನಲ್ಲಿ ಮೈಸೂರಿಗೆ ಬಂದು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬೋಗಿಯಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಹತ್ತುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಇದೇ ಕೆಲಸದವರು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ. ರೈಲು ನಾಗನಹಳ್ಳಿಯಲ್ಲಿ ನಿಂತರೆ ಅದಕ್ಕೆ ನಾವೇ ದಂಡ ಕಟ್ಟಬೇಕು. ರಾತ್ರಿ ಒಂಬತ್ತರವರೆಗೆ ನಿಲ್ಲಿಸಿಕೊಂಡ ದಿನ ಮಾತ್ರ ಯಾರೂ ಗಡಿಯಾರ ನೋಡುವುದಿಲ್ಲ. ಹತ್ತು ನಿಮಿಷಕ್ಕೆ ಅಷ್ಟು ಬೆಲೆ ಇದ್ದರೆ ಎರಡು ಗಂಟೆಗೆ ಯಾಕಿಲ್ಲ?

ವಕೀಲೆ ಸರಸ್ವತೀಪುರಂ:

ಎಲಿಯೂರಿನವರಿಗೆ: ಎಷ್ಟು ಹೊತ್ತು ಗೈರಾದಿರೋ ಅಷ್ಟರ ಪ್ರಮಾಣಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. ಹತ್ತು ನಿಮಿಷಕ್ಕೆ ಹತ್ತು ನಿಮಿಷದ ಸಂಬಳ, ಅಷ್ಟೇ. ದಂಡ ಹಾಕಬೇಕೆಂದರೆ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಅನುಮೋದನೆ ಪಡೆದು ಪ್ರಕಟಿಸಿರಬೇಕು, ನಿಮ್ಮ ವಿವರಣೆ ಕೇಳಿರಬೇಕು, ಮತ್ತು ದಂಡದ ಮೊತ್ತ ಆ ಅವಧಿಯ ಸಂಬಳದ ಶೇಕಡಾ 3 ದಾಟಬಾರದು. ಈ ಮಾತುಗಳು ಈಗ 2019ರ ವೇತನ ಸಂಹಿತೆಯಲ್ಲಿವೆ. ಇದೂ ಸೇರಿ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕನಿಷ್ಠ ವೇತನ, ವೇತನ ಪಾವತಿ, ಬೋನಸ್, ಸಮಾನ ವೇತನ ಎಂಬ ನಾಲ್ಕು ಹಳೆಯ ಕಾಯ್ದೆಗಳು ಈ ಒಂದು ಸಂಹಿತೆಯೊಳಗೆ ಸೇರಿಹೋದವು. ಅಂಗಡಿಗಳ ಕಾಯ್ದೆ ರಾಜ್ಯದ್ದು, ಅದು ಪ್ರತ್ಯೇಕವಾಗಿಯೇ ಇದೆ.

ಸೀರೆಗೆ ಕಲೆ ಬಿತ್ತು, ಗಾಜು ಒಡೆಯಿತು ಎಂದು ಹಣ ಹಿಡಿಯುವುದಕ್ಕೂ ಇದೇ ಮಾತು. ಕೆಲಸಗಾರರ ನಿರ್ಲಕ್ಷ್ಯದಿಂದಲೇ ಆಯಿತು ಎಂದು ತೋರಿಸಬೇಕು, ಅವರ ಮಾತು ಕೇಳಬೇಕು, ಆದ ನಷ್ಟಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಹಿಡಿಯಬಾರದು.

ಅಶೋಕ ರಸ್ತೆ ವ್ಯಾಪಾರಿ:

ಅಂದರೆ ಮಾಲೀಕ ಬಾಯಿ ಮುಚ್ಚಿಕೊಂಡು ನಷ್ಟ ತಿನ್ನಬೇಕು.

ವಕೀಲೆ ಸರಸ್ವತೀಪುರಂ:

ಬಾಯಿ ಮುಚ್ಚಬೇಕಿಲ್ಲ, ಕೈಗೆ ಪುಸ್ತಕ ತೆಗೆದುಕೊಳ್ಳಬೇಕು. ಬರೆದಿಟ್ಟರೆ ಕಾನೂನು ನಿಮ್ಮ ಪರವೂ ನಿಲ್ಲುತ್ತದೆ.

ಹೂಟಗಳ್ಳಿ ಪಾಳಿ:

ಹೆಚ್ಚುವರಿ ಗಂಟೆಯ ಲೆಕ್ಕವನ್ನು ಯಾರಾದರೂ ಅಂಕಿಯಲ್ಲಿ ತೋರಿಸಿ. ನಮ್ಮ ಕಡೆ ಒಬ್ಬೊಬ್ಬ ಗುತ್ತಿಗೆದಾರರು ಒಂದೊಂದು ಸೂತ್ರ ಹೇಳುತ್ತಾರೆ. ಕೆಲವರು 30ರಿಂದ ಭಾಗಿಸುತ್ತಾರೆ, ಕೆಲವರು 26ರಿಂದ.

ಲೆಕ್ಕಪತ್ರ ಮೈಸೂರು:

ತಿಂಗಳಿಗೆ 18,200 ರೂಪಾಯಿ ಸಂಬಳ ಎಂದುಕೊಳ್ಳೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 700. ಒಂಬತ್ತು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 78, ಎರಡು ಪಟ್ಟು 156.

ನಿವೃತ್ತ ಗುಮಾಸ್ತ:

ಸ್ವಾಮಿ, ಒಂಬತ್ತರಿಂದ ಯಾಕೆ ಭಾಗಿಸುತ್ತೀರಿ? ದಿನಕ್ಕೆ 9 ಗಂಟೆಯಂತೆ ಆರು ದಿನ ದುಡಿದರೆ 54 ಆಗುತ್ತದೆ. ವಾರದ ಮಿತಿ 48. ಒಂಬತ್ತು ಎಂಬುದು ಯಾವುದೋ ಒಂದು ದಿನ ಮುಟ್ಟಬಹುದಾದ ಗಡಿಯೇ ಹೊರತು ದಿನನಿತ್ಯದ ಅಳತೆಯಲ್ಲ. ಆರು ದಿನದ ವಾರಕ್ಕೆ ಸರಾಸರಿ ಎಂಟೇ ಗಂಟೆ. 700ನ್ನು ಎಂಟರಿಂದ ಭಾಗಿಸಿ: 87 ರೂಪಾಯಿ 50 ಪೈಸೆ. ಎರಡು ಪಟ್ಟು 175. ಗಂಟೆಗೆ ಹತ್ತೊಂಬತ್ತು ರೂಪಾಯಿ ವ್ಯತ್ಯಾಸ. ಲಗ್ನದ ಕಾಲದಲ್ಲಿ 40 ಗಂಟೆ ಹೆಚ್ಚುವರಿ ದುಡಿದವರಿಗೆ ಇದರಿಂದಲೇ 760 ರೂಪಾಯಿ ಖೋತಾ. ಒಂದು ಮನೆಯ ಹಾಲಿನ ಲೆಕ್ಕ ಅದು.

ನಾನು ಕಾರ್ಮಿಕ ವಿಷಯಗಳ ಕಡತಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ಕಂಡದ್ದು ಒಂದೇ: ದೊಡ್ಡ ಮೋಸಕ್ಕಿಂತ ಇಂಥ ಚಿಲ್ಲರೆ ಭಾಗಾಕಾರದಲ್ಲೇ ಬಡವರ ಹಣ ಹೆಚ್ಚು ಸೋರಿಹೋಗುತ್ತದೆ.

ಲೆಕ್ಕಪತ್ರ ಮೈಸೂರು:

ಒಪ್ಪಿದೆ. ಎಂಟರ ಲೆಕ್ಕವೇ ನ್ಯಾಯ.

ಶಿವರಾಂಪೇಟೆ ಅಂಗಡಿ:

ಬಹಳ ಉಪಯೋಗವಾಯಿತು. ರಜೆಯ ವಿಷಯ ಹೇಳಿ. ನಮ್ಮಲ್ಲಿ ಕೇಳಿದಾಗ ಬಿಡುತ್ತೇವೆ. ಊರ ಹಬ್ಬ, ಜ್ವರ, ಮಕ್ಕಳ ಶಾಲೆ ಎಂದರೆ ಯಾರೂ ತಡೆಯುವುದಿಲ್ಲ. ಆದರೆ ಎಷ್ಟು ದಿನ ಹೋದರು, ಎಷ್ಟು ಉಳಿಯಿತು ಎಂಬ ಪುಸ್ತಕವನ್ನು ಅಪ್ಪನ ಕಾಲದಿಂದಲೂ ಇಟ್ಟಿಲ್ಲ.

ನಿವೃತ್ತ ಗುಮಾಸ್ತ:

ಬರೆದುಕೊಳ್ಳಿ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ, ಸಂಬಳ ಸಹಿತ. ವರ್ಷದ 365ರಲ್ಲಿ 52 ವಾರದ ರಜೆ, 10 ಹಬ್ಬದ ರಜೆ ತೆಗೆದರೆ 303 ಉಳಿಯುತ್ತದೆ. ಅಷ್ಟೂ ದಿನ ಬಂದವರಿಗೆ 15 ದಿನ ಗಳಿಕೆ ರಜೆ. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಕೂಡಿಟ್ಟುಕೊಳ್ಳುವ ಮಿತಿ ಮೊದಲು 30 ದಿನ ಇತ್ತು, ತಿದ್ದುಪಡಿಯಾಗಿ 45 ಆಗಿದೆ. ಇದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನ. ಕೆಲಸ ಬಿಡುವಾಗ ಉಳಿದ ಗಳಿಕೆ ರಜೆಗೆ ಹಣ ಕೊಡಬೇಕು.

ಹತ್ತು ಹಬ್ಬದ ರಜೆ ಎಲ್ಲಿಂದ ಬಂತು ಎಂದು ಕೇಳುವವರು ಇದ್ದೇ ಇರುತ್ತಾರೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಿಂದ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಐದೂ ಕಡ್ಡಾಯ. ಇನ್ನೈದು ಹಬ್ಬಗಳನ್ನು ಗೊತ್ತು ಮಾಡಿಕೊಳ್ಳಬೇಕು. ಆ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿ ರಜೆ.

ನಂಜನಗೂಡು ದಾರಿ:

ಮೈಸೂರಿನಲ್ಲಿ ಕೂತು ದಸರಾ ದಿನ ಅಂಗಡಿ ಮುಚ್ಚಿ ಎಂದರೆ ಯಾರು ಕೇಳುತ್ತಾರೆ? ವರ್ಷದ ವ್ಯಾಪಾರವೇ ಆಗ.

ನಿವೃತ್ತ ಗುಮಾಸ್ತ:

ಮುಚ್ಚಿ ಎಂದು ನಾನೆಲ್ಲಿ ಹೇಳಿದೆ? ವಿಜಯದಶಮಿ ನಿಮ್ಮ ಐದರ ಪಟ್ಟಿಯಲ್ಲಿದ್ದರೆ, ಬಂದವರಿಗೆ ಎರಡು ಪಟ್ಟು ಕೊಡಿ ಎಂದೆ. ಊರೆಲ್ಲ ಜಂಬೂಸವಾರಿ ನೋಡುತ್ತಿರುವಾಗ ನಿಮ್ಮ ಮಳಿಗೆಯಲ್ಲಿ ಸೀರೆ ಮಡಿಸುತ್ತಿರುವ ಹೆಣ್ಣುಮಗಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಕುವೆಂಪುನಗರ ಓದುಗ:

ಒಂದು ಸಣ್ಣ ವಿಷಯ, ಮೂಲತಃ ಇದು ಮೈಸೂರು ಅಂಗಡಿಗಳ ಕಾಯ್ದೆ ಎಂದೇ ಹುಟ್ಟಿದ್ದು. 1973ರವರೆಗೆ ರಾಜ್ಯದ ಹೆಸರೇ ಮೈಸೂರು ಅಲ್ಲವೇ.

ಎಲಿಯೂರು ಪ್ರಯಾಣಿಕಳು:

ಹೆಸರು ನಮ್ಮೂರದ್ದು, ಜಾರಿ ಮಾತ್ರ ನಮ್ಮೂರಲ್ಲಿ ಕಾಣುವುದಿಲ್ಲ.

ಮದ್ದೂರು ಬೇಕರಿ:

ಹೆಣ್ಣುಮಕ್ಕಳ ಋತುಚಕ್ರ ರಜೆಯ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ನಾಲ್ವರು ಹೆಣ್ಣುಮಕ್ಕಳು ಇದ್ದಾರೆ. ತಿಂಗಳಿಗೊಂದು ದಿನ ಸಂಬಳ ಸಹಿತ ಎಂದರೆ ವರ್ಷಕ್ಕೆ 48 ದಿನ ನಾನು ಕೊಡಬೇಕು. ಹೀಗಾದರೆ ಮುಂದೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಯಾರು? ಒಳ್ಳೆಯದು ಮಾಡಲು ಹೋಗಿ ಕೆಲಸವನ್ನೇ ಕಿತ್ತುಕೊಂಡ ಹಾಗೆ ಆಗುತ್ತದೆ. ಕೋಪದಿಂದ ಹೇಳುತ್ತಿಲ್ಲ, ನಿಜವಾಗಿಯೂ ಚಿಂತೆಯಾಗಿದೆ.

ವಕೀಲೆ ಸರಸ್ವತೀಪುರಂ:

2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. 18ರಿಂದ 52 ವಯಸ್ಸಿನ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಋತುಚಕ್ರ ರಜೆ. ವೈದ್ಯರ ಪತ್ರ ಕೇಳುವಂತಿಲ್ಲ. ಆ ತಿಂಗಳ ರಜೆ ಮುಂದಿನ ತಿಂಗಳಿಗೆ ಸೇರುವುದೂ ಇಲ್ಲ. ಹೋಟೆಲ್ ಮಾಲೀಕರ ಸಂಘ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದೂ ನಿಜ. ಮದ್ದೂರಿನವರ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದಾಗಲೂ ಇದೇ ಮಾತು ಕೇಳಿಬಂದಿತ್ತು. ಆ ಖರ್ಚು ಪೂರ್ತಿ ಮಾಲೀಕರ ಮೇಲೆ ಬೀಳದ ದಾರಿಯೂ ಕಾನೂನಿನಲ್ಲೇ ಇದೆ, ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ಅದಕ್ಕೆ ಸೇರಿದವರ ಹೆರಿಗೆ ಭತ್ಯೆಯನ್ನು ಅದೇ ಭರಿಸುತ್ತದೆ.

ಎಲಿಯೂರು ಪ್ರಯಾಣಿಕಳು:

ಬೇಕರಿಯವರೇ, ನಿಮ್ಮಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ನಾಲ್ವರೂ ಹನ್ನೆರಡಕ್ಕೆ ಹನ್ನೆರಡು ದಿನ ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿದ್ದೀರಿ. ನಮ್ಮ ಅಂಗಡಿಯಲ್ಲಿ ನೋವು ತಡೆಯಲಾಗದ ದಿನವೂ ಹೇಳಲು ಸಂಕೋಚಪಟ್ಟು ಮಾತ್ರೆ ನುಂಗಿ ನಿಲ್ಲುವವರೇ ಹೆಚ್ಚು. ಹತ್ತು ಗಂಟೆ ನಿಲ್ಲಬೇಕು, ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಕೂರಲು ಒಂದು ಸ್ಟೂಲ್ ಇದ್ದರೆ ಎಷ್ಟೋ ದಿನ ರಜೆಯೇ ಬೇಕಾಗುವುದಿಲ್ಲ. ಶೌಚಾಲಯ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿದೆ, ಬೀಗದ ಕೈ ಗಲ್ಲಾದವರ ಹತ್ತಿರ. ಗಂಡಸರ ಹತ್ತಿರ ಹೋಗಿ ಕೈಚಾಚಿ ಕೇಳಬೇಕು. ಅದಕ್ಕೇ ನಮ್ಮಲ್ಲಿ ಅನೇಕರು ಮಧ್ಯಾಹ್ನದವರೆಗೆ ನೀರನ್ನೇ ಕುಡಿಯುವುದಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಕ್ಷಮಿಸಿ ಎಂದು ಹೇಳುವುದಿಲ್ಲ.

ಮದ್ದೂರು ಬೇಕರಿ:

ನಮ್ಮಲ್ಲಿ ಸ್ಟೂಲ್ ಇದೆ. ಶೌಚಾಲಯವೂ ಒಳಗೇ ಇದೆ. ಆದರೂ ನೀವು ಹೇಳಿದ್ದು ತಲೆಗೆ ಹತ್ತಿತು. ನಾಳೆ ಕೇಳುತ್ತೇನೆ.

ಹೂಟಗಳ್ಳಿ ಪಾಳಿ:

ಕೂರುವ ಹಕ್ಕಿನ ವಿಷಯದಲ್ಲಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯ್ದೆಗಳಿಗೆ ತಿದ್ದುಪಡಿ ತಂದವು. ಕೇರಳದಲ್ಲಿ ಅದಕ್ಕಾಗಿ ಬೀದಿಗಿಳಿದವರು ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳೇ. ನಿಂತು ಮಾಡುವ ಕೆಲಸಕ್ಕೆ ಕೂರುವ ವ್ಯವಸ್ಥೆ ಬೇಕು ಎಂದು ಕಾರ್ಖಾನೆಗಳ ಕಾಯ್ದೆಯಲ್ಲಿ 1948ರಲ್ಲೇ ಬರೆದಿದ್ದರು.

ಅಂದ ಹಾಗೆ ಕಾರ್ಖಾನೆಗಳಲ್ಲಿ ಎಲ್ಲ ಸುಖವಾಗಿದೆ ಎಂದುಕೊಳ್ಳಬೇಡಿ. 2023ರ ರಾಜ್ಯ ತಿದ್ದುಪಡಿಯಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟರು, ವಾರಕ್ಕೆ 48 ಎಂಬುದನ್ನು ಉಳಿಸಿಕೊಂಡು. ಮೂರು ತಿಂಗಳ ಹೆಚ್ಚುವರಿ ಮಿತಿ 75ರಿಂದ 144 ಗಂಟೆಗೆ ಏರಿತು. 2025ರಲ್ಲಿ ಅಂಗಡಿಗಳಿಗೂ ಹೆಚ್ಚುವರಿ ಸೇರದೆಯೇ ದಿನಕ್ಕೆ 10 ಗಂಟೆ ಎಂಬ ಪ್ರಸ್ತಾಪ ಬಂದಾಗ ಕಾರ್ಮಿಕ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಹನ್ನೆರಡು ಗಂಟೆ ಪಾಳಿ ಮುಗಿಸಿ ಹೂಟಗಳ್ಳಿಯಿಂದ ಮನೆ ಸೇರುವವನಿಗೆ ಮಗುವಿನ ಮುಖ ಕಾಣುವುದು ಮಗು ನಿದ್ದೆ ಮಾಡುವಾಗ ಮಾತ್ರ.

ಅಶೋಕ ರಸ್ತೆ ವ್ಯಾಪಾರಿ:

ಮಾಲೀಕನೂ ಅದೇ ಹೊತ್ತಿಗೆ ಮನೆ ಸೇರುವುದು. ಅದನ್ನು ಯಾರೂ ಬರೆಯುವುದಿಲ್ಲ. ನಾನು ಕೆಲಸದವರಿಗಿಂತ ಮೊದಲು ಬಾಗಿಲು ತೆಗೆಯುತ್ತೇನೆ, ಅವರು ಹೋದ ಮೇಲೆ ಬಾಗಿಲು ಹಾಕುತ್ತೇನೆ.

ನಿವೃತ್ತ ಗುಮಾಸ್ತ:

ನಿಮ್ಮ ಶ್ರಮ ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ದೀಪಾವಳಿಗೆ ಲಾಭದ ಲೆಕ್ಕ ತೆಗೆಯುವುದೂ ನೀವೇ. ಅವರಿಗೆ ಸಿಗುವುದು ಗಂಟೆಗಳ ಲೆಕ್ಕ ಮಾತ್ರ. ಅದಾದರೂ ಸರಿಯಾಗಿರಲಿ.

ಹೆಬ್ಬಾಳ ಸಣ್ಣ ಉದ್ಯಮಿ:

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರ ಬಿಡಿಭಾಗಗಳ ಮಾರಾಟ ಮಳಿಗೆ ನಡೆಸುತ್ತೇನೆ, 14 ಜನ ಇದ್ದಾರೆ. ವ್ಯಾಪಾರಿಯಾಗಿಯೇ ಹೇಳುತ್ತೇನೆ, ಎರಡು ತಂಡ ಮಾಡಿ. ಒಂದು ತಂಡ ಒಂಬತ್ತೂವರೆಯಿಂದ ಆರೂವರೆ. ಇನ್ನೊಂದು ಹನ್ನೆರಡೂವರೆಯಿಂದ ಒಂಬತ್ತೂವರೆ. ಇಬ್ಬರಿಗೂ ಒಂದು ಗಂಟೆ ಬಿಡುವು ಕಳೆದು ಸರಿಯಾಗಿ ಎಂಟು ಗಂಟೆ. ಹನ್ನೆರಡೂವರೆಯಿಂದ ಆರೂವರೆವರೆಗೆ ಎರಡೂ ತಂಡ ಇರುತ್ತವೆ. ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ಜನರೂ ನಿಂತು ಬೀದಿ ನೋಡುವುದರಿಂದ ಯಾರಿಗೆ ಲಾಭ? ನಮ್ಮಲ್ಲಿ ಹೀಗೆ ಮಾಡಿದ ಮೇಲೆ ಹೆಚ್ಚುವರಿ ಸಂಬಳದ ಖರ್ಚು ಬಹಳ ಇಳಿಯಿತು, ಕೆಲಸ ಬಿಟ್ಟು ಹೋಗುವವರೂ ಕಡಿಮೆಯಾದರು. ಹೊಸಬರಿಗೆ ಕೆಲಸ ಕಲಿಸುವ ಖರ್ಚನ್ನು ನಾವು ವ್ಯಾಪಾರಿಗಳು ಎಲ್ಲೂ ಬರೆದಿಡುವುದಿಲ್ಲ, ಆದರೆ ಅದೇ ದೊಡ್ಡದು.

ವಕೀಲೆ ಸರಸ್ವತೀಪುರಂ:

ಒಳ್ಳೆಯ ಸಲಹೆ. ಒಂದು ಎಚ್ಚರಿಕೆ: ರಾತ್ರಿ ಎಂಟರ ನಂತರ ಹೆಣ್ಣುಮಕ್ಕಳನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮನೆಗೆ ತಲುಪಿಸುವ ವಾಹನ ಮತ್ತು ಭದ್ರತೆಯ ಹೊಣೆ ಮಾಲೀಕರದ್ದು. ಎರಡನೇ ತಂಡಕ್ಕೆ ಯಾರು ಎಂಬುದನ್ನು ಇದನ್ನು ನೋಡಿಕೊಂಡು ನಿರ್ಧರಿಸಿ.

ಎಲಿಯೂರು ಪ್ರಯಾಣಿಕಳು:

ಮೊದಲ ತಂಡವಾದರೆ ಸಂಜೆಯ ರೈಲು ಸಿಗುತ್ತದೆ. ನಮ್ಮ ಕಡೆಯವರಿಗೆ ಅದೊಂದೇ ಸಾಕು, ಸಂಬಳ ಏರಿಸಿದಷ್ಟೇ ಸಂತೋಷ.

ನಂಜನಗೂಡು ದಾರಿ:

ಸಂಜೆಯ ರೈಲಿನಲ್ಲಿ ಕಾಲಿಡಲು ಜಾಗ ಇದ್ದರೆ ತಾನೇ! ಇನ್ನೆರಡು ಬೋಗಿ ಸೇರಿಸಿ ಎಂದು ಎಷ್ಟು ಸಲ ಕೇಳುವುದು.

ಕುವೆಂಪುನಗರ ಓದುಗ:

ರೈಲಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ. ಇಲ್ಲವಾದರೆ ನೂರು ಪ್ರತಿಕ್ರಿಯೆ ಅದಕ್ಕೇ ಹೋಗುತ್ತದೆ.

ಶಿವರಾಂಪೇಟೆ ಅಂಗಡಿ:

ಗ್ರಾಚ್ಯುಟಿ ಬಗ್ಗೆ ಹೇಳಿ ದಯವಿಟ್ಟು. ಅಣ್ಣ ಈ ಚರ್ಚೆಯನ್ನು ಓದುತ್ತಿದ್ದಾನೆ.

ಲೆಕ್ಕಪತ್ರ ಮೈಸೂರು:

ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿಗೂ ಗ್ರಾಚ್ಯುಟಿ ಅನ್ವಯಿಸುತ್ತದೆ. ಐದು ವರ್ಷ ಸತತ ಸೇವೆ ಪೂರ್ತಿಯಾಗಿರಬೇಕು. ತಾವಾಗಿ ರಾಜೀನಾಮೆ ಕೊಟ್ಟರೂ ಬರುತ್ತದೆ, ಇದನ್ನು ಗಮನಿಸಿ. ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಎಂದು ಹಿಡಿದು. ಮೇಲಿನ 18,200 ರೂಪಾಯಿಯ ಉದಾಹರಣೆಯಲ್ಲಿ ವರ್ಷಕ್ಕೆ 10,500. ಎಂಟು ವರ್ಷಕ್ಕೆ 84,000. 30 ದಿನದೊಳಗೆ ಪಾವತಿಸಬೇಕು.

ಕೊನೆಯ ಸಂಬಳ ಮಾತ್ರ 30 ದಿನ ಕಾಯುವಂತಿಲ್ಲ. ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಕೆಲಸದಲ್ಲಿರುವವರಿಗೆ ಮುಂದಿನ ತಿಂಗಳ 7ನೇ ತಾರೀಖು ದಾಟಬಾರದು.

ಹನ್ನೊಂದು ಜನ ಇರುವುದರಿಂದ ಇಎಸ್‌ಐ ಕೂಡ ಬರುತ್ತದೆ. 21,000ದೊಳಗಿನ ಸಂಬಳದವರಿಗೆ ಮಾಲೀಕರ ಪಾಲು ಶೇಕಡಾ 3.25, ನೌಕರರ ಪಾಲು 0.75. ಭವಿಷ್ಯ ನಿಧಿಗೆ 20 ಜನರ ಮಿತಿ ಇರುವುದರಿಂದ ನಿಮಗೆ ಕಡ್ಡಾಯವಲ್ಲ. ಬೋನಸ್ ಕೂಡ 20 ಅಥವಾ ಹೆಚ್ಚು ಜನ ಇದ್ದರೆ ಮಾತ್ರ, ಕನಿಷ್ಠ ಶೇಕಡಾ 8.33.

ಅಶೋಕ ರಸ್ತೆ ವ್ಯಾಪಾರಿ:

ಎಂಬತ್ತನಾಲ್ಕು ಸಾವಿರ! ಒಂದೇ ಸಲ ಎಲ್ಲಿಂದ ತರುವುದು? ಪುಸ್ತಕದಲ್ಲಿ ಬರೆಯುವವರಿಗೆ ಸುಲಭ.

ಹೆಬ್ಬಾಳ ಸಣ್ಣ ಉದ್ಯಮಿ:

ಒಂದೇ ಸಲ ತರುವ ಸ್ಥಿತಿ ಬರುವುದು ಎಂಟು ವರ್ಷ ಎತ್ತಿಡದೇ ಇದ್ದದ್ದರಿಂದ. ತಿಂಗಳಿಗೆ ಒಬ್ಬರಿಗೆ 875 ರೂಪಾಯಿ ಪಕ್ಕಕ್ಕಿಟ್ಟಿದ್ದರೆ ಇವತ್ತು ಹೊರೆಯೇ ಅಲ್ಲ. ಬಾಡಿಗೆಯ ಮುಂಗಡವನ್ನು ಹೇಗೋ ಹೊಂದಿಸುತ್ತೇವೆ, ಜಿಎಸ್‌ಟಿಯನ್ನು ಹೇಗೋ ಕಟ್ಟುತ್ತೇವೆ. ದುಡಿದವರ ಹಣ ಬಂದಾಗ ಮಾತ್ರ ಎಲ್ಲಿಂದ ತರುವುದು ಎನ್ನುತ್ತೇವೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ.

ಶಿವರಾಂಪೇಟೆ ಅಂಗಡಿಯ ಅಣ್ಣ:

ನಾನೇ ಆ ಅಣ್ಣ. ಇಲ್ಲಿ ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಿರುವುದರಿಂದ ಬರೆಯುತ್ತಿದ್ದೇನೆ. ಆ ಹೆಣ್ಣುಮಗಳಿಗೆ ಏನೂ ಕೊಡುವುದಿಲ್ಲ ಎಂದು ನಾನು ಹೇಳಿಲ್ಲ. ಕೈಯೆತ್ತಿ ಒಂದು ಮೊತ್ತ ಕೊಟ್ಟು ಕಳಿಸೋಣ ಎಂದೆ. ಲೆಕ್ಕ, ಸಹಿ, ನಮೂನೆ ಎಂದು ಶುರುವಾದರೆ ಇಷ್ಟು ವರ್ಷದ ಪ್ರೀತಿ ವಿಶ್ವಾಸ ವ್ಯವಹಾರವಾಗಿಬಿಡುತ್ತದೆ ಎಂಬುದು ನನ್ನ ಸಂಕಟ. ರಜೆಯ ದಾಖಲೆ ಇಲ್ಲದಿರುವಾಗ ಅವರು ಎಷ್ಟು ರಜೆ ಬಾಕಿ ಎನ್ನುತ್ತಾರೋ ಅಷ್ಟಕ್ಕೆ ಒಪ್ಪಬೇಕೇ?

ವಕೀಲೆ ಸರಸ್ವತೀಪುರಂ:

ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯ. ಬಾಕಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ವೇತನ ಸಂಹಿತೆಯ ಪ್ರಕಾರ ಮಾಲೀಕರ ಮೇಲಿದೆ. ದೂರು ಕೊಡಲು ಅವರಿಗೆ ಮೂರು ವರ್ಷ ಅವಕಾಶವಿದೆ. ಕೊಡದೆ ಉಳಿಸಿಕೊಂಡದ್ದು ರುಜುವಾತಾದರೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ನೀವು ಪ್ರೀತಿಯಿಂದ ಕೊಟ್ಟ ನಾಮಕರಣದ ಹಣಕ್ಕೂ ಹಬ್ಬದ ಸೀರೆಗೂ ಅಲ್ಲಿ ಲೆಕ್ಕವಿಲ್ಲ. ಬರೆದಿಡದ ಮಾಲೀಕ ಮೊದಲು ತನ್ನನ್ನೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ.

ಈಗ ಮಾಡಬೇಕಾದದ್ದು: ಅವರನ್ನು ಕೂರಿಸಿಕೊಂಡು ಹಳೆಯ ಸಂಬಳದ ಚೀಟಿ, ಬ್ಯಾಂಕ್ ಜಮೆಗಳನ್ನು ನೋಡಿ ರಜೆಯ ಲೆಕ್ಕವನ್ನು ಇಬ್ಬರೂ ಒಪ್ಪುವಂತೆ ಮಾಡಿ. 45 ದಿನಕ್ಕಿಂತ ಹೆಚ್ಚು ಕೂಡಿರಲು ಸಾಧ್ಯವಿಲ್ಲ, ಅದೇ ನಿಮ್ಮ ಗರಿಷ್ಠ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಉಳಿದ ಹತ್ತು ಜನರಿಗೆ ಕನ್ನಡದಲ್ಲಿ ನೇಮಕಾತಿ ಪತ್ರ ಕೊಡಿ, ಅದು ನಮೂನೆ ಕ್ಯೂ. ಹಾಜರಿ ಮತ್ತು ಸಂಬಳ ನಮೂನೆ ಟಿಯಲ್ಲಿ, ರಜೆ ನಮೂನೆ ಎಫ್‌ನಲ್ಲಿ.

ನಿವೃತ್ತ ಗುಮಾಸ್ತ:

ಅಣ್ಣನವರಿಗೆ ಒಂದು ಮಾತು. ನಿಮ್ಮ ಸಂಕಟ ಅರ್ಥವಾಗುತ್ತದೆ, ಹಳೆಯ ಮೈಸೂರಿನ ಅಂಗಡಿಗಳು ನಡೆದು ಬಂದದ್ದೇ ಹಾಗೆ. ಆದರೆ ಕೈಯೆತ್ತಿ ಕೊಟ್ಟದ್ದನ್ನು ಪಡೆಯುವವರು ತಲೆ ತಗ್ಗಿಸಬೇಕಾಗುತ್ತದೆ. ಲೆಕ್ಕ ಮಾಡಿ ಕೊಟ್ಟರೆ ತಲೆ ಎತ್ತಿ ಪಡೆಯುತ್ತಾರೆ, ಮುಂದಿನ ವರ್ಷ ಮಗಳ ಹುಟ್ಟುಹಬ್ಬಕ್ಕೆ ನಿಮ್ಮನ್ನು ಕರೆಯಲು ಸಂಕೋಚವೂ ಇರುವುದಿಲ್ಲ. ಮೇಲೆ ಇನ್ನೇನಾದರೂ ಪ್ರೀತಿಯಿಂದ ಕೊಡುವುದಾದರೆ ಯಾವ ಕಾಯ್ದೆಯೂ ತಡೆಯುವುದಿಲ್ಲ.

ಶಿವರಾಂಪೇಟೆ ಅಂಗಡಿಯ ಅಣ್ಣ:

ಸರಿ. ಗ್ರಾಚ್ಯುಟಿ ಮತ್ತು ರಜೆ ಎರಡನ್ನೂ ಲೆಕ್ಕ ಮಾಡಿಸುತ್ತೇನೆ. ಲಗ್ನದ ಕಾಲದ ಎರಡು ತಂಡದ ವಿಷಯ ತಮ್ಮನೊಂದಿಗೆ ಇನ್ನೂ ಮಾತಾಡಬೇಕು, ಅದಕ್ಕೆ ಈಗಲೇ ಒಪ್ಪಿದೆ ಎಂದು ಬರೆಯುವುದಿಲ್ಲ.

ಗುತ್ತಲು ಟೈಲರ್:

ಮಂಡ್ಯದಲ್ಲಿ ಹೊಲಿಗೆ ಅಂಗಡಿ ಇದೆ, ಕೆಲಸಕ್ಕೆ ಇಬ್ಬರೇ ಇದ್ದಾರೆ. ನನಗೂ ಇವೆಲ್ಲ ಬರುತ್ತವೆಯೇ?

ವಕೀಲೆ ಸರಸ್ವತೀಪುರಂ:

ಇಬ್ಬರೇ ಇದ್ದರೆ ಗ್ರಾಚ್ಯುಟಿ, ಇಎಸ್‌ಐ ಬರುವುದಿಲ್ಲ. ಕನಿಷ್ಠ ವೇತನ ಒಬ್ಬರೇ ಇದ್ದರೂ ಬರುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದನ್ನು ನೋಡಿಕೊಳ್ಳಿ. 1961ರ ಕಾಯ್ದೆ ರೂಪುಗೊಂಡದ್ದೂ ಇಷ್ಟು ಜನ ಇರಬೇಕೆಂಬ ಕನಿಷ್ಠ ಸಂಖ್ಯೆ ಇಟ್ಟುಕೊಂಡಲ್ಲ. ವಾರದ ರಜೆ, ಒಂದು ಗಂಟೆ ಬಿಡುವು, 20 ದಿನಕ್ಕೊಂದು ರಜೆ ಇವುಗಳಿಂದ ಶುರು ಮಾಡಿ.

ಗುತ್ತಲು ಟೈಲರ್:

ತುಂಡಿಗೆ ಇಷ್ಟು ಎಂದು ಕೊಡುತ್ತೇನೆ, ತಿಂಗಳ ಸಂಬಳ ಅಲ್ಲ. ಆಗಲೂ ಕನಿಷ್ಠ ವೇತನದ ಲೆಕ್ಕವೇ?

ವಕೀಲೆ ಸರಸ್ವತೀಪುರಂ:

ಹೌದು. ಪೂರ್ತಿ ದಿನ ನಿಮ್ಮ ಅಂಗಡಿಯಲ್ಲಿ ಕುಳಿತು ಹೊಲಿದವರಿಗೆ ಆ ದಿನದ ತುಂಡಿನ ಕೂಲಿ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು. ಬಟ್ಟೆ ಬರಲಿಲ್ಲ, ಕರೆಂಟ್ ಹೋಯಿತು ಎಂದು ಕೂಲಿ ಇಳಿಸುವಂತಿಲ್ಲ, ಅದು ಅವರ ತಪ್ಪಲ್ಲ.